ನೆರಳಿನಿಂದ ಆ್ಯಪ್ ತನಕ: ನಮ್ಮ ದುಡಿಮೆಯ ತಾಸು ಎಣಿಸಿದವರು ಯಾರು?



ಪೋಸ್ಟ್ ಉದ್ದ ಇದೆ. ಒಂದು ಚಹಾ ತಗೊಂಡು ಕೂತು ಓದಿ, ಓದಿದ ಮೇಲೆ ಕೇರಿಯ ಒಬ್ಬರಿಗಾದ್ರೂ ಓದಿ ಹೇಳಿ.

ಪ್ರತಿ ವರ್ಷ ನವೆಂಬರ್ 27 ಬಂದ್ರೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಚಿತ್ರ ಓಡಾಡ್ತದೆ. ನೀಲಿ ಕೋಟಿನ ಬಾಬಾಸಾಹೇಬರು, ಪಕ್ಕಕ್ಕೆ ಒಂದು ಗಡಿಯಾರ, ಕೆಳಗೆ ‘ಎಂಟು ತಾಸಿನ ದುಡಿಮೆ ಕೊಟ್ಟ ಮಹಾನಾಯಕ’ ಅಂತ ಬರಹ. ಹಂಚ್ತೀವಿ, ಕೈ ಮುಗಿಯೋ ಚಿಹ್ನೆ ಒತ್ತತೀವಿ, ಮುಂದಿನ ಮೆಸೇಜಿಗೆ ಹೋಗ್ತೀವಿ. ಆದ್ರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲೂಕಿನ ನಮ್ಮ ಕೇರಿಗಳಲ್ಲಿ ಆ ಎಂಟು ತಾಸು ಎಲ್ಲಿದೆ? ಅದನ್ನ ಎಣಿಸೋರು ಯಾರು? ಎಣಿಸಿದ್ದನ್ನ ಬರೆದಿಟ್ಟ ಪುಸ್ತಕ ಯಾರ ಮನೆಯಲ್ಲಿದೆ? ಈ ಪ್ರಶ್ನೆ ಹಿಡ್ಕೊಂಡು ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ.

1. ಸೂರ್ಯನೇ ಹಾಜರಿ ತಗೊಳ್ತಿದ್ದ ಕಾಲ

ಪೇಶ್ವೆಗಳ ಪುಣೆಯಲ್ಲಿ ಮಹಾರರು, ಮಾಂಗರು ಮಧ್ಯಾಹ್ನ ಮೂರು ಗಂಟೆಯ ನಂತರ, ಬೆಳಿಗ್ಗೆ ಒಂಬತ್ತರ ಒಳಗೆ ಊರ ಬಾಗಿಲು ದಾಟಿ ಒಳಗೆ ಬರಬಾರದು ಅಂತಿತ್ತು. ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ ಇದನ್ನ ದಾಖಲು ಮಾಡಿದ್ದಾರೆ. ಕಾರಣ ಏನು ಗೊತ್ತಾ? ಆ ಹೊತ್ತಿನಲ್ಲಿ ನೆರಳು ಉದ್ದ ಬೀಳ್ತದೆ. ಉದ್ದ ನೆರಳು ಮೇಲ್ಜಾತಿಯವರ ಮೈಮೇಲೆ ಬಿದ್ರೆ ಮೈಲಿಗೆ.

ಇದನ್ನ ನಾವು ಮುಟ್ಟಿಸಿಕೊಳ್ಳದ ಕತೆ ಅಂತಷ್ಟೇ ಓದ್ತೀವಿ. ಇನ್ನೊಂದು ಸಲ ಓದಿ. ಅದು ಹೊತ್ತಿನ ಕತೆಯೂ ಹೌದು. ಒಬ್ಬ ಮನುಷ್ಯ ಎಷ್ಟೊತ್ತಿಗೆ ಎಲ್ಲಿರಬೇಕು, ಎಲ್ಲಿರಬಾರದು ಅನ್ನೋದನ್ನ ಇನ್ನೊಬ್ಬ ತೀರ್ಮಾನ ಮಾಡೋದು, ಅದನ್ನ ಅಳೆಯೋಕೆ ಒಂದು ಸಾಧನ ಇಟ್ಕೊಳ್ಳೋದು. ಅವತ್ತಿನ ಸಾಧನ ನೆರಳು. ಸಾಧನ ಬದಲಾಗ್ತಾ ಬಂತು. ಅಳೆಯೋ ಕೈ ಬದಲಾಯ್ತಾ ಅನ್ನೋದೇ ಈ ಪೋಸ್ಟಿನ ಪ್ರಶ್ನೆ.

2. ನಿಜಾಮನ ಸೀಮೆಯಲ್ಲಿ ಗಡಿಯಾರವೇ ಇರಲಿಲ್ಲ

ನಮ್ಮ ರಾಯಚೂರು ಸೀಮೆ 1948ರ ಸೆಪ್ಟೆಂಬರ್ ತನಕ ಹೈದರಾಬಾದ್ ನಿಜಾಮನ ಕೈಯಲ್ಲಿತ್ತು. ಬಿಟ್ಟಿ ಚಾಕರಿ ಇಲ್ಲಿನ ದಿನನಿತ್ಯದ ರೂಢಿ. ಅಧಿಕಾರಿ ಊರಿಗೆ ಬಂದ್ರೆ ಸಾಮಾನು ಹೊರೋದು, ಸುದ್ದಿ ಮುಟ್ಟಿಸೋದು, ಗೌಡರ ಅಂಗಳ ಬಳಿಯೋದು, ಸತ್ತ ದನ ಎಳೆಯೋದು, ಹಲಗಿ ಬಾರಿಸೋದು. ಯಾವುದಕ್ಕೂ ಹೊತ್ತಿಲ್ಲ, ಯಾವುದಕ್ಕೂ ಕೂಲಿ ಇಲ್ಲ.

ಸಾಲಕ್ಕೆ ಆಳಾಗಿ ನಿಲ್ಲೋ ಪದ್ಧತಿಗೆ ಆ ಸಂಸ್ಥಾನದಲ್ಲಿ ಭಗೇಲಾ ಅಂತಿದ್ರು. ಅದನ್ನ ಹದ್ದುಬಸ್ತಿಗೆ ತರ್ತೀವಿ ಅಂತ ನಿಜಾಮ ಸರ್ಕಾರ 1936ರಲ್ಲಿ ಒಂದು ನಿಯಮ ಮಾಡ್ತು. ಕಾಗದದಲ್ಲಿ ನಿಯಮ ಬಂತು, ಹೊಲದಲ್ಲಿ ಆಳು ಆಳಾಗೇ ಉಳಿದ. ದೇಶಕ್ಕೆಲ್ಲ ಅನ್ವಯಿಸೋ ಜೀತ ನಿರ್ಮೂಲನೆ ಕಾಯ್ದೆ ಬಂದದ್ದು 1976ರಲ್ಲಿ, ಸ್ವಾತಂತ್ರ್ಯ ಬಂದು ಸುಮಾರು ಮೂವತ್ತು ವರ್ಷಕ್ಕೆ.

ನಮ್ಮ ಮುತ್ಯಾನ ತಲೆಮಾರಿನ ಮಂದಿಯನ್ನ ಕೂರಿಸಿಕೊಂಡು ಕೇಳಿದ್ದೀನಿ: ಎಷ್ಟು ತಾಸು ದುಡಿತಿದ್ರಿ? ನಗ್ತಾರೆ. “ತಾಸು ಅಂದ್ರೇನೋ ತಮ್ಮಾ, ಕೋಳಿ ಕೂಗಿದ್ರ ಎದ್ದೀವಿ, ಧಣಿ ಹೋಗಂದ್ರ ಬಂದೀವಿ” ಅಂತಾರೆ.

ಈ ಮಾತನ್ನ ನೆನಪಿಟ್ಟುಕೊಳ್ಳಿ. ಜೀತದ ಮುಖ್ಯ ಲಕ್ಷಣ ಕೂಲಿ ಕಮ್ಮಿ ಅನ್ನೋದಷ್ಟೇ ಅಲ್ಲ. ದುಡಿಮೆಗೆ ಮೊದಲು ಕೊನೆ ಇಲ್ಲದಿರೋದು. ತಾಸು ಎಣಿಸೋದು ಶುರುವಾಯ್ತು ಅಂದ್ರೆ ‘ಇಲ್ಲಿಗೆ ಮುಗೀತು, ಇನ್ನು ಮೇಲಿನದು ನನ್ನ ಹೊತ್ತು’ ಅನ್ನೋ ಹಕ್ಕು ಶುರುವಾಯ್ತು ಅಂತ ಅರ್ಥ. ಅದಕ್ಕೇ ನಾನು ತಾಸು ಎಣಿಸೋದರ ವಿರೋಧಿ ಅಲ್ಲ. ನಮ್ಮ ಚರಿತ್ರೆ ಗೊತ್ತಿರೋ ಯಾರೂ ವಿರೋಧಿ ಆಗೋಕೆ ಸಾಧ್ಯ ಇಲ್ಲ.

3. ಕಾನೂನು ಒಂದೊಂದೇ ತಾಸು ಇಳಿಸಿದ ಬಗೆ

ಬ್ರಿಟಿಷ್ ಇಂಡಿಯಾದ ಮೊದಲ ಕಾರ್ಖಾನೆ ಕಾಯ್ದೆ 1881ರದ್ದು. ಅದು ಮಕ್ಕಳ ತಾಸಿಗಷ್ಟೇ ಮಿತಿ ಹಾಕ್ತು. 1891ರಲ್ಲಿ ಹೆಂಗಸರಿಗೆ ದಿನಕ್ಕೆ 11 ತಾಸು ಅಂತಾಯ್ತು. ಗಂಡಾಳುಗಳಿಗೆ ಮಿತಿ ಬಂದದ್ದು 1911ರಲ್ಲಿ, ಅದೂ ಬಟ್ಟೆ ಗಿರಣಿಗಳಲ್ಲಿ ಮಾತ್ರ: 12 ತಾಸು. 1922ರಲ್ಲಿ ವಾರಕ್ಕೆ 60 ತಾಸು, 1934ರಲ್ಲಿ ವರ್ಷಪೂರ್ತಿ ನಡೆಯೋ ಕಾರ್ಖಾನೆಗಳಿಗೆ 54 ತಾಸು.

ಬಾಬಾಸಾಹೇಬರು 1942ರ ಜುಲೈನಲ್ಲಿ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದ್ರು. ಅವರ ಅವಧಿಯಲ್ಲೇ, 1946ರಲ್ಲಿ, ಕಾರ್ಖಾನೆ ತಿದ್ದುಪಡಿ ಕಾಯ್ದೆ ಬಂದು 54 ಇದ್ದದ್ದು ವಾರಕ್ಕೆ 48 ಆಯ್ತು. ಆರು ದಿನಕ್ಕೆ ಭಾಗಿಸಿ ನೋಡಿ, ದಿನಕ್ಕೆ ಎಂಟು. 1948ರ ಕಾರ್ಖಾನೆ ಕಾಯ್ದೆ ಅದೇ 48ನ್ನ ಮುಂದುವರಿಸ್ತು. ಚಿತ್ರದಲ್ಲಿರೋ ಗಡಿಯಾರದ ಹಿಂದಿನ ಕಾನೂನು ಇದು. ಹಂಚುವಾಗ ಇದನ್ನೂ ಸೇರಿಸಿ ಹಂಚಿ, ಯಾರಾದ್ರೂ ‘ಎಲ್ಲಿದೆ ದಾಖಲೆ’ ಅಂತ ಕೇಳಿದ್ರೆ ತೋರಿಸೋಕೆ ಆಗ್ತದೆ.

ಆದ್ರೆ ಅದು ಕಾರ್ಖಾನೆಯ ಗೇಟಿನ ಒಳಗಿನ ಕಾನೂನು. ನಮ್ಮ ಜನ ಗೇಟಿನ ಹೊರಗೆ ಹೊಲದಲ್ಲಿದ್ರು. 1948ರ ಕನಿಷ್ಠ ಕೂಲಿ ಕಾಯ್ದೆಯ ಪಟ್ಟಿಯ ಎರಡನೇ ಭಾಗದಲ್ಲಿ ಕೃಷಿ ಕೂಲಿಯನ್ನೂ ಸೇರಿಸಿದ್ರು. ಆದ್ರೆ ಯಾವ ಧಣಿಯ ಹೊಲದ ಬದುವಿನ ಮೇಲೆ ಹಾಜರಿ ಪುಸ್ತಕ ನೋಡಿದ್ದೀರಿ?

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗೀತು. ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಯ ಜೋಳದ ಎರೆಹೊಲಗಳನ್ನ ನೆಲ್ಲಿನ ಗದ್ದೆ ಮಾಡ್ತು. ಅಕ್ಕಿ ಗಿರಣಿ ಎದ್ದವು, ಊರು ಶ್ರೀಮಂತ ಆಯ್ತು. ನಾಟಿ ಹಚ್ಚೋರು ಯಾರು? ಬಹುಪಾಲು ನಮ್ಮ ಹೆಣ್ಣುಮಕ್ಕಳು. ಎಕರೆಗೆ ಇಷ್ಟು ಅಂತ ಗುತ್ತಿಗೆ. ಗುಂಪಿನವರು ಎಷ್ಟು ಬೇಗ ಮುಗಿಸಿದ್ರೆ ಅಷ್ಟು ದುಡ್ಡು. ಸೊಂಟ ಬಗ್ಗಿಸಿದ ತಾಸುಗಳ ಲೆಕ್ಕ ಯಾರ ಹತ್ರನೂ ಇಲ್ಲ. ಕಾಲುವೆಗೆ ಎಷ್ಟು ಕ್ಯೂಸೆಕ್ಸ್ ನೀರು ಬಿಟ್ರು ಅನ್ನೋ ಲೆಕ್ಕ ಮಾತ್ರ ದಿನಾ ಪೇಪರಲ್ಲಿ ಬರ್ತದೆ.

4. ಗಣಿಯೊಳಗಿನ ಲೆಕ್ಕ: ಜೀವ ಉಳಿಸೋದು, ಕಳ್ಳರಂತೆ ಕಾಣೋದು

ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಆಗಿ ಶುರುವಾಗಿ, ಕರ್ನಾಟಕ ಏಕೀಕರಣದ ವರ್ಷ 1956ರಲ್ಲಿ ಹಟ್ಟಿ ಚಿನ್ನದ ಗಣಿ ಆಯ್ತು. ಈ ಚಿನ್ನದ ಹುಡುಕಾಟದಲ್ಲೇ 1915ರಲ್ಲಿ ಸಿ. ಬೀಡನ್ ಅನ್ನೋ ಗಣಿ ಇಂಜಿನಿಯರ್‌ಗೆ ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಸಿಕ್ತು. ದೇವಾನಾಂಪ್ರಿಯ ಅಂದ್ರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಕಲ್ಲು ಅದು. ಅದರಲ್ಲಿರೋ ಮುಖ್ಯ ಮಾತಿನ ಸಾರ ಏನು ಅಂದ್ರೆ, ದೊಡ್ಡವರಿಗೆ ಮಾತ್ರ ದಕ್ಕೋದು ಅಂತ ತಿಳೀಬೇಡಿ, ಸಣ್ಣವನೂ ಧಮ್ಮದ ಹಾದಿ ಹಿಡಿದ್ರೆ ಅಷ್ಟೇ ಎತ್ತರಕ್ಕೆ ಮುಟ್ಟಬಹುದು ಅನ್ನೋದು. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ನಮ್ಮ ಮಸ್ಕಿಯಲ್ಲಿ ಒಬ್ಬ ಅರಸ ಇದನ್ನ ಕಲ್ಲಿಗೆ ಬರೆಸಿದ್ದ.

ಗಣಿಯಲ್ಲಿ ತಾಸಿಗೆ ಬೇರೆ ಅರ್ಥ ಇದೆ. 1952ರ ಗಣಿ ಕಾಯ್ದೆ ಪ್ರಕಾರ ನೆಲದ ಕೆಳಗೆ ದುಡಿಯೋರಿಗೆ ದಿನಕ್ಕೆ 8, ವಾರಕ್ಕೆ 48 ತಾಸು ಮಿತಿ ಇತ್ತು. ಕೆಳಗೆ ಇಳಿದವರ ಹೆಸರು ಮೇಲೆ ಪುಸ್ತಕದಲ್ಲಿ ಇರಲೇಬೇಕು. ಪಾಳಿ ಮುಗಿದ ಮೇಲೆ ಒಬ್ಬನ ಲೆಕ್ಕ ಸಿಗಲಿಲ್ಲ ಅಂದ್ರೆ ಅವನು ಕೆಳಗೇ ಉಳಿದಿದ್ದಾನೆ ಅಂತರ್ಥ, ಹುಡುಕಬೇಕು. ಅಂದ್ರೆ ಈ ಹಾಜರಿ ದುಡಿಯೋನ ಜೀವ ಕಾಯೋಕೆ ಇರೋದು.

ಅದೇ ಚಿನ್ನದ ಗಣಿಯಲ್ಲಿ ಇನ್ನೊಂದು ನಮೂನೆಯ ಲೆಕ್ಕವೂ ಇತ್ತು. ಕೋಲಾರದ ಕೆಜಿಎಫ್ ನೆನಪು ಮಾಡಿಕೊಳ್ಳಿ. ಜಾನ್ ಟೇಲರ್ ಕಂಪನಿಯ ಆಡಳಿತ. ಸುರಂಗದಲ್ಲಿ ದುಡಿತಿದ್ದವರಲ್ಲಿ ಬಹಳಷ್ಟು ಮಂದಿ ತಮಿಳು ಸೀಮೆಯಿಂದ ಬಂದ ಆದಿದ್ರಾವಿಡರು, ನಮ್ಮವರೇ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತಗೊಂಡು ನೋಂದಣಿ ಮಾಡೋ ವ್ಯವಸ್ಥೆ ತರೋಕೆ ಹೋದಾಗ ಇಡೀ ಗಣಿ ಕೆಲಸ ನಿಲ್ಲಿಸ್ತು. ಬೆರಳಚ್ಚು ಆಗಿನ ಕಾಲಕ್ಕೆ ಪೊಲೀಸ್ ಠಾಣೆಯ ಸಾಮಾನು, ಕಳ್ಳರಿಗೆ ಮಾಡಿದ್ದು. ಒಂದು ಕಡೆ ಕೆಲಸ ಬಿಟ್ಟ ಕಾರ್ಮಿಕನನ್ನ ಇನ್ನೊಂದು ಕಡೆ ಗುರುತು ಹಿಡಿದು ಹೊರಗಿಡೋಕೂ ಅದು ಸಾಕು. ನಾವು ದುಡಿಯೋರು, ಕಳ್ಳರಲ್ಲ ಅಂತ ಸಾವಿರಾರು ಜನ ವಾರಗಟ್ಟಲೆ ಮುಷ್ಕರ ಹೂಡಿದ್ರು. ಕಂಪನಿ ಹಿಂದೆ ಸರೀಬೇಕಾಯ್ತು.

ಇದು ನಮ್ಮ ಚರಿತ್ರೆ. ಬಯೋಮೆಟ್ರಿಕ್ ವಿರುದ್ಧದ ಹೋರಾಟ ಈಗಿನ ನಗರದ ಓದಿದವರ ಫ್ಯಾಷನ್ ಅನ್ನೋರಿಗೆ ಹೇಳಿ: ಕರ್ನಾಟಕದಲ್ಲಿ ಅದನ್ನ 1930ರಲ್ಲೇ ಗಣಿ ಕಾರ್ಮಿಕರು, ಅದರಲ್ಲೂ ದಲಿತರು, ಮಾಡಿದ್ರು.

5. ಆರು ನಿಮಿಷದ ಲೆಕ್ಕ ಬರೆದ ವಕೀಲ

ಈಗ ಮೇಲಿನವರ ಗಡಿಯಾರಕ್ಕೆ ಬರೋಣ. ಅಮೆರಿಕದ ವಿಲಾರ್ಡ್ ಬಂಡಿ ಅನ್ನೋ ಆಭರಣದ ಅಂಗಡಿಯವ 1890ರ ಸುಮಾರಿಗೆ ಹಾಜರಿ ಗಡಿಯಾರ ಮಾಡಿದ. ಕಾರ್ಮಿಕ ಬಂದು ಕೀಲಿ ತಿರುವಿದ್ರೆ ಬಂದ ಹೊತ್ತು ಕಾಗದದ ಮೇಲೆ ಅಚ್ಚಾಗ್ತದೆ. ಅಂಥ ಗಡಿಯಾರದ ಕಂಪನಿಗಳು 1911ರಲ್ಲಿ ಬೇರೆ ಕಂಪನಿಗಳ ಜೊತೆ ಕೂಡಿ ಒಂದಾದವು. ಆ ಕೂಡು ಕಂಪನಿ 1924ರಲ್ಲಿ ಐಬಿಎಂ ಅಂತ ಹೆಸರು ಬದಲಿಸಿಕೊಳ್ತು. ಇವತ್ತು ಬೆಂಗಳೂರಿನಲ್ಲಿ ನಮ್ಮ ಮಕ್ಕಳು ಕೆಲಸ ಹುಡುಕೋ ಕಂಪ್ಯೂಟರ್ ಉದ್ಯಮದ ಒಂದು ಬೇರು ಹಾಜರಿ ಗಡಿಯಾರದಲ್ಲಿದೆ. ಅದೇ 1911ರಲ್ಲಿ ಟೇಲರ್ ಅನ್ನೋ ಇಂಜಿನಿಯರ್ ಕಾರ್ಮಿಕನ ಪ್ರತಿ ಚಲನೆಗೂ ಗಡಿಯಾರ ಹಿಡಿಯೋ ಶಾಸ್ತ್ರದ ಪುಸ್ತಕ ಬರೆದ.

ವಕೀಲರ ಕಚೇರಿಗೆ ಈ ಲೆಕ್ಕ ಬಂದ ಕತೆ ಬೇರೆ. ಬಾಸ್ಟನ್ ನಗರದ ರೆಜಿನಾಲ್ಡ್ ಹೀಬರ್ ಸ್ಮಿತ್ ಅನ್ನೋ ವಕೀಲ ತಾಸನ್ನ ಹತ್ತು ಭಾಗ ಮಾಡಿದ, ಒಂದು ಭಾಗ ಆರು ನಿಮಿಷ. ಪ್ರತಿ ವಕೀಲ ಯಾವ ಕಕ್ಷಿದಾರನ ಕೆಲಸಕ್ಕೆ ಎಷ್ಟು ಭಾಗ ಕೊಟ್ಟೆ ಅಂತ ದಿನಾ ತಾನೇ ಬರೀಬೇಕು. ಅಚ್ಚರಿ ಏನು ಅಂದ್ರೆ ಇದೇ ಸ್ಮಿತ್ 1919ರಲ್ಲಿ ಬಡವರಿಗೆ ನ್ಯಾಯ ಸಿಗ್ತಿಲ್ಲ ಅಂತ ಒಂದು ದೊಡ್ಡ ಪುಸ್ತಕ ಬರೆದವ, ಉಚಿತ ಕಾನೂನು ನೆರವಿನ ಚಳವಳಿಗೆ ಬಲ ಕೊಟ್ಟವ. ಅವನ ಟೈಮ್‌ಶೀಟ್ ಮುಂದೆ ವಕೀಲರು, ಆಡಿಟರುಗಳು, ಸಲಹೆಗಾರರು, ಸಾಫ್ಟ್‌ವೇರ್ ಕಂಪನಿಗಳಿಗೆಲ್ಲ ಬಿಲ್ ಮಾಡೋ ಯಂತ್ರ ಆಯ್ತು. ಈಗ ಕಾಗದದ ಜಾಗದಲ್ಲಿ ಸಾಫ್ಟ್‌ವೇರ್ ಬಂದಿದೆ.

ಅಲ್ಲಿನ ನಿಯಮ ಗಮನಿಸಿ. ಬರೆಯೋದು ದುಡಿಯೋನೇ. ಬರೆದ ಪ್ರತಿ ಆರು ನಿಮಿಷಕ್ಕೂ ಬೆಲೆ ಇದೆ. ಫೋನಲ್ಲಿ ಮಾತಾಡಿದ್ದು, ಕಾಗದ ಓದಿದ್ದು, ಕೋರ್ಟಿನಲ್ಲಿ ಕಾದದ್ದು, ಎಲ್ಲವನ್ನೂ ಬಿಲ್ಲಿಗೆ ಹಾಕಬಹುದು. ಕಾಯೋದೂ ಕೆಲಸವೇ.

ಹಾಗಂತ ಅಲ್ಲಿ ಎಲ್ಲ ಸ್ವರ್ಗ ಅಂತಲ್ಲ. ಲಿಂಗಸುಗೂರು ಕಡೆಯ ನಮ್ಮ ಕೇರಿಯ ಹುಡುಗ ಒಬ್ಬ ಬೆಂಗಳೂರಿನಲ್ಲಿ ಲೆಕ್ಕಪತ್ರ ನೋಡೋ ಒಂದು ಕಂಪನಿಯಲ್ಲಿದ್ದಾನೆ. ಫೋನ್ ಮಾಡಿದಾಗ ಹೇಳ್ತಾನೆ: “ಅಣ್ಣಾ, ಹನ್ನೊಂದು ತಾಸು ಕೂಡ್ತೀನಿ, ಎಂಟೇ ಬರೀ ಅಂತಾರ. ಬಿಲ್ ಆಗದ ಕೆಲಸ ಎಲ್ಲ ಹೊಸಬರ ಮ್ಯಾಲೆ. ವರ್ಷದ ಕೊನಿಗೆ ನಿನ್ನ ಬಿಲ್ ತಾಸು ಕಮ್ಮಿ ಅದಾವ ಅಂತ ರೇಟಿಂಗ್ ಇಳಸ್ತಾರ.” ಕಂಪ್ಯೂಟರ್ ಪರದೆಯ ಫೋಟೊ ತಾನಾಗೇ ತೆಗೆಯೋ ಸಾಫ್ಟ್‌ವೇರ್ ಇದೆಯಂತೆ, ಮೌಸ್ ಅಲ್ಲಾಡದಿದ್ರೆ ಕೂತಿಲ್ಲ ಅಂತ ಲೆಕ್ಕವಂತೆ. 2023ರಲ್ಲಿ ನಾರಾಯಣಮೂರ್ತಿಯವರು ವಾರಕ್ಕೆ 70 ತಾಸು ದುಡೀರಿ ಅಂದ್ರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ತಾಸಿನ ಮಾತು ಹೊರಬಂತು. 2024ರಲ್ಲಿ ಕರ್ನಾಟಕದಲ್ಲಿ ಐಟಿಯವರ ದಿನದ ದುಡಿಮೆಯನ್ನ 14 ತಾಸಿನ ತನಕ ಎಳೆಯೋ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಕಿಟು ಬೀದಿಗಿಳೀತು. ಬಾಬಾಸಾಹೇಬರು 54ರಿಂದ 48ಕ್ಕೆ ಇಳಿಸಿದ್ದನ್ನ ಇವರು 90ಕ್ಕೆ ಏರಿಸೋ ಮಾತಾಡ್ತಿದ್ದಾರೆ.

ಆದ್ರೂ ಆ ಹುಡುಗನ ಕೈಯಲ್ಲಿ ಒಂದು ಚೀಟಿ ಇದೆ. ತಾನು ದುಡಿದ ತಾಸು ತಾನೇ ಬರೆದ ಚೀಟಿ. ಈಗ ಅವನ ಅವ್ವನ ಕತೆ ನೋಡೋಣ. ಅವಳು ಉದ್ಯೋಗ ಖಾತ್ರಿ ಕೂಲಿ.

6. ಹಾಜರಿ ಪುಸ್ತಕ ತೋರ್ಸು ಅಂದ ಜನ

ರಾಜಸ್ಥಾನದಲ್ಲಿ 1990ರ ಮೇ ದಿನ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಹುಟ್ತು. ಬರಗಾಲದ ಕಾಮಗಾರಿಯ ಕೂಲಿ ಪೂರ್ತಿ ಸಿಗ್ತಿರಲಿಲ್ಲ. ಕೇಳಿದ್ರೆ ನೀವು ಕೆಲಸ ಮಾಡಿಲ್ಲ ಅಂತಿದ್ರು. ಹಾಗಾದ್ರೆ ಹಾಜರಿ ಪಟ್ಟಿ ತೋರ್ಸಿ ಅಂತ ಕೂಲಿಕಾರರು ಕೂತ್ರು. 1994ರ ಕೊನೆಯಿಂದ ಊರೂರಲ್ಲಿ ಜನಸುನವಾಯಿ ಮಾಡಿ ಪಟ್ಟಿಯನ್ನ ಗಟ್ಟಿಯಾಗಿ ಓದಿದ್ರು. ಸತ್ತವರ ಹೆಸರಲ್ಲಿ ಕೂಲಿ, ಊರು ಬಿಟ್ಟವರ ಹೆಸರಲ್ಲಿ ಕೂಲಿ. ಆ ಒಂದು ಪುಸ್ತಕದ ಜಗಳ ದೇಶಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ತಂದುಕೊಡ್ತು. ಉದ್ಯೋಗ ಖಾತ್ರಿ ಕಾಯ್ದೆಯೂ ಅದೇ ವರ್ಷದ್ದು. 2006ರ ಫೆಬ್ರವರಿಯಲ್ಲಿ ಅದು ಶುರುವಾದ ಮೊದಲ ಹಂತದ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು.

ಬೆಂಗಳೂರಿನ ಪೌರಕಾರ್ಮಿಕರ ಕತೆಯೂ ಇದೇ ಪಾಠ ಹೇಳ್ತದೆ. 2017ರಲ್ಲಿ ಬಯೋಮೆಟ್ರಿಕ್ ಹಾಜರಿ ಬಂದಾಗ ಗುತ್ತಿಗೆದಾರರ ಪಟ್ಟಿಯಲ್ಲಿ ಸಾವಿರಗಟ್ಟಲೆ ಹೆಸರು ಬರೀ ಹೆಸರು ಅಂತ ಗೊತ್ತಾಯ್ತು. ಇಲ್ಲದವರ ಪಗಾರ ಯಾರೋ ತಿಂತಿದ್ರು, ಇದ್ದವರು ಇಬ್ಬರ ಕೆಲಸ ಮಾಡ್ತಿದ್ರು. ಪೌರಕಾರ್ಮಿಕರ ಸಂಘದ ಹೋರಾಟದಿಂದ 2018ರ ಹೊತ್ತಿಗೆ ನೇರ ವೇತನ ಬಂತು.

ಆದ್ರೆ ಅದೇ ಹೊತ್ತಿಗೆ ನಾಗಪುರ, ಚಂಡೀಗಢಗಳಲ್ಲಿ ಸಫಾಯಿ ಕಾರ್ಮಿಕರ ಕೈಗೆ ಜಿಪಿಎಸ್ ಗಡಿಯಾರ ಕಟ್ಟಿದ್ರು. ಎಲ್ಲಿ ನಿಂತ್ರು, ಎಷ್ಟೊತ್ತು ನಿಂತ್ರು ಅಂತ ಕಚೇರಿಯಲ್ಲಿ ಕೂತು ನೋಡೋದು. ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬೌದ್ಧ ಧಮ್ಮ ಸ್ವೀಕರಿಸಿದ ನಾಗಪುರದಲ್ಲೇ, ಪೊರಕೆ ಹಿಡಿದವರ ಮಣಿಕಟ್ಟಿಗೆ ಗಡಿಯಾರದ ಬೇಡಿ. ನಗರಪಾಲಿಕೆಯ ದೊಡ್ಡ ಇಂಜಿನಿಯರ್ ಕೈಗೆ ಯಾಕೆ ಕಟ್ಟಲಿಲ್ಲ? ಈ ಪ್ರಶ್ನೆಗೆ ತಂತ್ರಜ್ಞಾನದಲ್ಲಿ ಉತ್ತರ ಇಲ್ಲ. ಜಾತಿಯಲ್ಲಿದೆ.

7. ನಮ್ಮ ಕೆರೆ ಅಂಗಳಕ್ಕೆ ಬಂದ ಆ್ಯಪ್

2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಎನ್‌ಎಂಎಂಎಸ್ ಅನ್ನೋ ಆ್ಯಪ್ ಬಿಡ್ತು. 2022ರ ಮೇನಲ್ಲಿ 20 ಮತ್ತು ಅದಕ್ಕಿಂತ ಹೆಚ್ಚು ಕೂಲಿಕಾರರಿರೋ ಕಡೆ ಕಡ್ಡಾಯ, 2023ರ ಜನವರಿ 1ರಿಂದ ಬಹುತೇಕ ಎಲ್ಲ ಕಡೆ ಕಡ್ಡಾಯ. ಕಾಯಕ ಬಂಧು ತನ್ನ ಫೋನಿನಲ್ಲಿ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ತೆಗೀಬೇಕು, ಜಾಗದ ಗುರುತಿನ ಜೊತೆ ಏರಿಸಬೇಕು. ಮೊದಲನೇ ಫೋಟೊ ಆದ ನಾಲ್ಕು ತಾಸಿನ ಮೇಲೆ ಎರಡನೇದು. ಫೋಟೊ ಏರಿದ್ರೆ ಹಾಜರಿ. ಏರದಿದ್ರೆ ದುಡಿದದ್ದಕ್ಕೆ ಸಾಕ್ಷಿ ಇಲ್ಲ.

ಇಲ್ಲೊಂದು ಮೋಸ ಇದೆ, ಸರಿಯಾಗಿ ಗಮನಿಸಿ. ಉದ್ಯೋಗ ಖಾತ್ರಿಯಲ್ಲಿ ಕೂಲಿ ಬರೋದು ಬರೀ ಹಾಜರಿಗಲ್ಲ, ಅಳತೆಗೆ. ಎಷ್ಟು ಮಣ್ಣು ಅಗೆದ್ರಿ ಅಂತ ಗುಂಡಿ ಅಳೆದು ಅಳತೆ ಪುಸ್ತಕದಲ್ಲಿ ಬರೀತಾರೆ. ಒಂದು ತಾಸು ವಿಶ್ರಾಂತಿ ಸೇರಿ ಎಂಟು ತಾಸು ದುಡಿದ್ರೆ ಪೂರ್ತಿ ಕೂಲಿ ಬರೋ ಹಾಗೆ ಕೆಲಸದ ಪ್ರಮಾಣ ಇಡಬೇಕು ಅಂತ ನಿಯಮ. 2025-26ಕ್ಕೆ ಕರ್ನಾಟಕದಲ್ಲಿ ಆ ಪೂರ್ತಿ ಕೂಲಿ ದಿನಕ್ಕೆ 370 ರೂಪಾಯಿ.

ರಾಯಚೂರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತು. ಹೆಣ್ಣುಮಕ್ಕಳು ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು ಆರಕ್ಕೆಲ್ಲ ಕೆರೆಗೆ ಹೋಗ್ತಾರೆ. ಹತ್ತರ ಒಳಗೆ ತಮ್ಮ ಪಾಲಿನ ಗುಂಡಿ ಮುಗಿಸಿ ಮನಿಗೆ ಬರೋದು ಹಳೇ ರೂಢಿ. ಅಳತೆ ಕೊಟ್ಟಾಯ್ತಲ್ಲ, ಇನ್ಯಾಕೆ ಕೂರಬೇಕು? ಆ್ಯಪ್ ಬಂದ ಮೇಲೆ ಕೂರಲೇಬೇಕು, ಎರಡನೇ ಫೋಟೊಗೆ. ಮಸ್ಕಿ ತಾಲೂಕಿನ ಒಂದು ಊರಿನ ಹೂಳೆತ್ತೋ ಜಾಗಕ್ಕೆ ನಾನು ಹೋಗಿದ್ದಾಗ ಎಂಟ್ಹತ್ತು ಅಕ್ಕಂದಿರು ಜಾಲಿ ಗಿಡದ ಅರೆಬರೆ ನೆರಳಿಗೆ ಕೂತಿದ್ರು. ಗುಂಡಿ ಮುಗಿದಿತ್ತು. ಕಾಯಕ ಬಂಧು ಆಗಿದ್ದ ಹುಡುಗಿ ಫೋನು ಎತ್ತಿ ಹಿಡ್ಕೊಂಡು ದಿಬ್ಬದ ಮೇಲೆ ನೆಟ್‌ವರ್ಕ್ ಹುಡುಕ್ತಿದ್ಲು. ಒಬ್ಬ ಅಕ್ಕ ಅಂದ್ಲು: “ಮಣ್ಣಿಗೂ ನಾವ ಬೇಕು, ಫೋಟೋಕೂ ನಾವ ಬೇಕು. ಪಗಾರ ಮಾತ್ರ ಒಂದಕ್ಕ ಕೊಡ್ತಾರ ನೋಡಣ್ಣ.”

ಇಡೀ ಅರ್ಥಶಾಸ್ತ್ರ ಆ ಮಾತಿನಲ್ಲಿದೆ. ಲೋಕದಲ್ಲಿ ಕೂಲಿಗೆ ಎರಡು ಪದ್ಧತಿ. ತಾಸಿನ ಲೆಕ್ಕ ಆದ್ರೆ ಅಳತೆ ಕೇಳಬಾರದು, ಗುತ್ತಿಗೆ ಲೆಕ್ಕ ಆದ್ರೆ ತಾಸು ಕೇಳಬಾರದು. ವಕೀಲ ಒಂದೋ ತಾಸಿಗೆ ಬಿಲ್ ಮಾಡ್ತಾನೆ, ಇಲ್ಲಾ ಇಡೀ ಕೇಸಿಗೆ ಇಷ್ಟು ಅಂತಾನೆ. ನಮ್ಮ ಅಕ್ಕಂದಿರಿಗೆ ಮಾತ್ರ ಎರಡೂ: ತಾಸಿನ ಕಟ್ಟೂ ಇದೆ, ಗುತ್ತಿಗೆಯ ಅಳತೆಯೂ ಇದೆ. ಎರಡರಲ್ಲಿ ಯಾವುದು ಕಮ್ಮಿ ಬಿದ್ರೂ ಕೂಲಿ ಕಡಿತ. ಯಾವುದು ಹೆಚ್ಚಾದ್ರೂ ಹೆಚ್ಚಿಗೆ ದುಡ್ಡಿಲ್ಲ. ವಕೀಲ ಕಾದ ತಾಸು ಬಿಲ್ ಆಗ್ತದೆ, ಅಕ್ಕ ಜಾಲಿ ನೆರಳಲ್ಲಿ ಕಾದ ತಾಸು ಮಣ್ಣಾಗ್ತದೆ. ಆ ತಾಸಿನಲ್ಲಿ ಅವಳು ಕೂಸಿಗೆ ಹಾಲು ಕುಡಿಸಬಹುದಿತ್ತು, ಒಂದು ಕೊಡ ನೀರು ತರಬಹುದಿತ್ತು, ಸುಮ್ಮನೆ ಮಲಗಬಹುದಿತ್ತು.

ಕಳ್ಳತನ ತಡೆಯೋಕೆ ಆ್ಯಪ್ ತಂದ್ವಿ ಅಂತಾರೆ. ಸರಿ, ತಡೀತಾ? 2025ರ ಜುಲೈನಲ್ಲಿ ಅದೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೀತು. ಸಂಬಂಧ ಇಲ್ಲದ ಫೋಟೊ ಹಾಕ್ತಿದ್ದಾರೆ, ಫೋಟೊದ ಫೋಟೊ ತೆಗೆದು ಹಾಕ್ತಿದ್ದಾರೆ, ಒಂದೇ ಗುಂಪಿನ ಚಿತ್ರ ಬೇರೆ ಬೇರೆ ಹಾಜರಿ ಪಟ್ಟಿಗೆ ಹೋಗ್ತಿದೆ, ಬೆಳಿಗ್ಗೆ ಇದ್ದವರು ಮಧ್ಯಾಹ್ನದ ಚಿತ್ರದಲ್ಲಿಲ್ಲ, ಹೆಣ್ಣುಮಕ್ಕಳ ಲೆಕ್ಕಕ್ಕೂ ಚಿತ್ರಕ್ಕೂ ತಾಳೆ ಇಲ್ಲ ಅಂತ ಸಚಿವಾಲಯವೇ ಪಟ್ಟಿ ಮಾಡ್ತು. ಇನ್ನು ಮೇಲೆ ಪಂಚಾಯ್ತಿಯಲ್ಲಿ ಎಲ್ಲ ಫೋಟೊಗಳನ್ನೂ ಮನುಷ್ಯರೇ ನೋಡಿ ಪರಿಶೀಲಿಸಬೇಕು ಅಂತು. ಕದಿಯೋನಿಗೆ ಆ್ಯಪ್ ಅಡ್ಡಿ ಆಗಲಿಲ್ಲ, ಫೋಟೊದ ಫೋಟೊ ತೆಗೆಯೋಕೆ ನೆಟ್‌ವರ್ಕ್ ಇರೋ ಕೋಣೆ ಸಾಕು. ಬಿಸಿಲಲ್ಲಿ ನಿಂತ ನಿಜವಾದ ಕೂಲಿಗೆ ಮಾತ್ರ ಅದು ಗೋಡೆ ಆಯ್ತು. 2024ರ ಜನವರಿಯಿಂದ ಆಧಾರ್ ಜೋಡಣೆಯ ಪಾವತಿ ಕಡ್ಡಾಯ, ಆಮೇಲೆ ಮುಖ ತೋರಿಸೋ ಇ-ಕೆವೈಸಿ. ಗೋಡೆ ಎತ್ತರ ಆಗ್ತಾನೇ ಹೋಯ್ತು.

ಕೂಲಿ ತಡ ಆದ್ರೆ ಏನು? ಹಾಜರಿ ಪಟ್ಟಿ ಮುಗಿದ 15 ದಿನದೊಳಗೆ ಕೂಲಿ ಕೊಡಬೇಕು, 16ನೇ ದಿನದಿಂದ ದಿನಕ್ಕೆ ಶೇಕಡಾ 0.05 ಪರಿಹಾರ ಅಂತ ಉದ್ಯೋಗ ಖಾತ್ರಿಯ ನಿಯಮ. ಒಂದು ವಾರದ, ಅಂದ್ರೆ ಆರು ದಿನದ ಕೂಲಿ 2,220 ರೂಪಾಯಿ ಹಿಡೀರಿ. ಒಂದು ದಿನದ ತಡಕ್ಕೆ ಪರಿಹಾರ ಒಂದು ರೂಪಾಯಿ ಹನ್ನೊಂದು ಪೈಸೆ. ನಮ್ಮ ತಾಸಿಗೆ ನಿಮಿಷದ ಲೆಕ್ಕ, ಸರ್ಕಾರದ ತಡಕ್ಕೆ ಪೈಸೆಯ ಲೆಕ್ಕ.

8. ಯಾರ ಹಂಗಾಮು, ಯಾರ ಹೊತ್ತು

2025ರ ಡಿಸೆಂಬರ್‌ನಲ್ಲಿ ನರೇಗಾ ಜಾಗಕ್ಕೆ ಸಂಸತ್ತು ಹೊಸ ಕಾನೂನು ಮಾಡ್ತು. 125 ದಿನ ಕೊಡ್ತೀವಿ ಅಂದ್ರು. ಜೊತೆಗೆ ಬಿತ್ತನೆ, ಸುಗ್ಗಿಯ ಹಂಗಾಮಿನಲ್ಲಿ ವರ್ಷಕ್ಕೆ ಒಟ್ಟು 60 ದಿನ ಈ ಕೆಲಸ ನಿಲ್ಲಿಸೋ ಅವಕಾಶ ಇಟ್ರು. ಸಿಂಧನೂರಿನ ನೆಲ್ಲಿನ ಗದ್ದೆಯ ಬದುವಿನ ಮೇಲೆ ನಿಂತು ಇದನ್ನ ಓದಿ. ನಾಟಿ ಕಾಲಕ್ಕೆ ಸರ್ಕಾರದ ಕೆಲಸ ಇಲ್ಲ ಅಂದ್ರೆ ಹೆಣ್ಣಾಳುಗಳು ಎಲ್ಲಿಗೆ ಹೋಗಬೇಕು? ಗದ್ದೆಯವ ಹೇಳಿದ ರೇಟಿಗೆ ಬಗ್ಗಬೇಕು, ಇಲ್ಲಾ ಗಂಟು ಕಟ್ಟಿ ಗುಳೆ ಹೋಗಬೇಕು. ಉದ್ಯೋಗ ಖಾತ್ರಿ ಇದ್ದಿದ್ದರಿಂದಲೇ ನಮ್ಮ ಅಕ್ಕಂದಿರು ‘ಆ ರೇಟಿಗೆ ಬರೋದಿಲ್ಲ ಗೌಡ್ರೇ’ ಅನ್ನೋದು ಕಲಿತಿದ್ರು. ಆ ‘ಇಲ್ಲ’ ಅನ್ನೋ ಶಬ್ದದ ಮೇಲೆ ಈ 60 ದಿನ ಕಲ್ಲು ಹೇರಿದಂಗೆ.

ಪುಣೆಯಲ್ಲಿ ನೆರಳು ನೋಡಿ ಹೊತ್ತು ಕಟ್ಟಿದ್ರು. ನಿಜಾಮನ ಕಾಲದಲ್ಲಿ ಹೊತ್ತಿಗೆ ಮಿತಿಯೇ ಇಲ್ಲದಂಗೆ ಮಾಡಿದ್ರು. ಈಗ ಹಂಗಾಮು ನೋಡಿ ಹೊತ್ತು ಮುಚ್ಚೋದು, ಫೋಟೊ ನೋಡಿ ಹೊತ್ತು ಕತ್ತರಿಸೋದು.

9. ಹಾಗಾದ್ರೆ ಏನು ಮಾಡೋಣ

ಆ್ಯಪ್ ಒಡೆದು ಹಾಕೋಣ ಅಂತ ನಾನು ಹೇಳೋದಿಲ್ಲ. ದಾಖಲೆ ಇಲ್ಲದ ದುಡಿಮೆ ನಮ್ಮನ್ನ ನೂರಾರು ವರ್ಷ ಜೀತದಲ್ಲಿಟ್ಟಿತ್ತು. ದಾಖಲೆ ಬೇಕು, ಅದು ನಮ್ಮ ಕೈಯಲ್ಲೂ ಬೇಕು. ಬಾಸ್ಟನ್ನಿನ ವಕೀಲನಿಗೆ ತನ್ನ ತಾಸು ತಾನೇ ಬರೆಯೋ ಹಕ್ಕಿದ್ರೆ ಮಸ್ಕಿಯ ಅಕ್ಕನಿಗೆ ಯಾಕಿಲ್ಲ?

ಒಂದು. ಪ್ರತಿ ಕೇರಿಯಲ್ಲಿ ಒಂದು ನೋಟ್‌ಬುಕ್ ಇಡೋಣ. ನೂರು ಪುಟದ, ಅಂಗಡಿಯಲ್ಲಿ ಸಿಗೋ ನೋಟ್‌ಬುಕ್ ಸಾಕು. ತಾರೀಖು, ಕೆಲಸಕ್ಕೆ ಮುಟ್ಟಿದ ಹೊತ್ತು, ಗುಂಡಿ ಮುಗಿದ ಹೊತ್ತು, ಮೊದಲ ಫೋಟೊ, ಎರಡನೇ ಫೋಟೊ, ಗುಂಡಿಯ ಉದ್ದ ಅಗಲ ಆಳ, ಅಳತೆ ಮಾಡಿದವರು ಬಂದ ದಿನ, ಕೂಲಿ ಖಾತೆಗೆ ಬಿದ್ದ ದಿನ. ಹತ್ತನೇ ತರಗತಿ ಓದೋ ನಮ್ಮ ಹೆಣ್ಣುಮಕ್ಕಳು ಬರೀಲಿ. ಬರೆದ ಪುಟಕ್ಕೆ ದುಡಿದವರೆಲ್ಲ ಸಹಿ ಇಲ್ಲಾ ಹೆಬ್ಬೆಟ್ಟು ಹಾಕಲಿ.

ಎರಡು. ಜಾಬ್ ಕಾರ್ಡ್ ಕೂಲಿಕಾರರ ಮನೆಯಲ್ಲೇ ಇರಬೇಕು. ಯಾರ ಕಾರ್ಡ್ ಬೇರೆ ಯಾರ ಬೀರುವಿನಲ್ಲಿದೆಯೋ ಮೊದಲು ಅದನ್ನ ಬಿಡಿಸಿ ತನ್ನಿ.

ಮೂರು. ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಗೆ ಈ ನೋಟ್‌ಬುಕ್ ತಗೊಂಡು ಹೋಗೋಣ. ಅವರ ಪಟ್ಟಿ ಒಂದು ಕೈಲಿ, ನಮ್ಮ ನೋಟ್‌ಬುಕ್ ಇನ್ನೊಂದು ಕೈಲಿ, ಎರಡನ್ನೂ ಗಟ್ಟಿಯಾಗಿ ಓದೋಣ. ಎಲ್ಲಿ ತಾಳೆ ಆಗೋದಿಲ್ಲವೋ ಅಲ್ಲೇ ನಿಲ್ಲಿಸಿ ನಿರ್ಣಯ ಬರೆಸೋಣ.

ನಾಲ್ಕು. ಬೇಡಿಕೆ ನೇರವಾಗಿಡೋಣ: ನೆಟ್‌ವರ್ಕ್ ಇಲ್ಲದ ದಿನ ಕಾಗದದ ಹಾಜರಿಗೆ ಮಾನ್ಯತೆ ಕೊಡಿ. ಅಳತೆ ಮುಗಿದವರನ್ನ ಫೋಟೊಗೆ ಕೂರಿಸಬೇಡಿ, ಕೂರಿಸಿದ್ರೆ ಕಾದ ತಾಸಿಗೂ ಕೂಲಿ ಕೊಡಿ. ಕಾಯಕ ಬಂಧುವಿನ ಫೋನು, ಡೇಟಾ ಖರ್ಚು ಸರ್ಕಾರ ಕೊಡಲಿ. ನಾಟಿ ಕಾಲಕ್ಕೆ ಕೆಲಸ ನಿಲ್ಲಿಸೋ ಆದೇಶ ನಮ್ಮ ಜಿಲ್ಲೆಯಲ್ಲಿ ಬೇಡ.

ಐದು. ಬೆಂಗಳೂರಿನಲ್ಲಿ ಟೈಮ್‌ಶೀಟ್ ತುಂಬ್ತಿರೋ ನಮ್ಮ ತಮ್ಮಂದಿರು, ತಂಗಿಯರು ಓದ್ತಿದ್ರೆ ಒಂದು ಮಾತು. ನಿಮ್ಮ ಹನ್ನೊಂದನೇ ತಾಸೂ, ಅವ್ವನ ಎರಡನೇ ಫೋಟೊವೂ ಒಂದೇ ಜಗಳ. ನೀವು ಲೆಕ್ಕ ಗೊತ್ತಿರೋರು. ರಜೆಗೆ ಊರಿಗೆ ಬಂದಾಗ ಎರಡು ದಿನ ಕೊಡಿ. ಈ ನೋಟ್‌ಬುಕ್ ಕೂಡಿಸಿ ಕಳೆದು ಎಷ್ಟು ತಾಸು ದುಡಿದದ್ದು, ಎಷ್ಟಕ್ಕೆ ಕೂಲಿ ಬಂತು, ಎಷ್ಟು ತಾಸು ಬರೀ ಕಾದದ್ದು ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಆ ಹಾಳೆ ಹಿಡ್ಕೊಂಡೇ ತಾಲೂಕು ಪಂಚಾಯ್ತಿ ಮೆಟ್ಟಿಲು ಹತ್ತೋಣ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆಯಿಂದ ತಲಾ ಐದು ಕೇರಿ ಮೊದಲು ಶುರು ಮಾಡೋಣ. ನಿಮ್ಮ ಊರು ಸೇರ್ತದೆ ಅಂದ್ರೆ ಕೆಳಗೆ ಊರ ಹೆಸರು ಬರೀರಿ. ನೋಟ್‌ಬುಕ್ಕು ನಾನು ತಂದು ಮುಟ್ಟಿಸ್ತೀನಿ, ಪೆನ್ನು ನಿಮ್ಮದು.

ಜೈಭೀಮ್.